ಬಿದ್ದವನ ಮೇಲಿನ ಏಟು

ಲಾಲಪ್ಪ ತನ್ನ ಕಥೆ ಓದಿ ಮುಗಿಸಿ ಮೊಬೈಲನ್ನು ಮೇಜಿನ ಮೇಲೆ ಮಗುಚಿ ಇಟ್ಟಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಶಹಾಪುರದ ಹಳೇ ಬಜಾರಿನ ಆ ಮುದ್ರಣಾಲಯದಲ್ಲಿ ಮಸಿಯ ವಾಸನೆ ಇನ್ನೂ ಹೋಗಿರಲಿಲ್ಲ. ಯಂತ್ರಗಳು ನಿಂತು ವರ್ಷಗಳೇ ಆಗಿದ್ದವು. ಅವುಗಳ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹತ್ತಿಪ್ಪತ್ತು ಮಂದಿ ಕೂತಿದ್ದರು. ಅಷ್ಟೂ ಜನ ವಿಶ್ವರಾಧ್ಯರ ಮುಖ ನೋಡಿದರು.

ವಿಶ್ವರಾಧ್ಯರು ತುರ್ತುಪರಿಸ್ಥಿತಿಯಲ್ಲಿ ಜೈಲು ಕಂಡ ಹಳೇ ಸಮಾಜವಾದಿ. ಇದೇ ಮುದ್ರಣಾಲಯದಿಂದ ಬಹಳ ಕಾಲ ಒಂದು ವಾರಪತ್ರಿಕೆ ತಂದಿದ್ದರು. ಪತ್ರಿಕೆ ನಿಂತ ಮೇಲೆ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಇಲ್ಲಿ ಓದುವವರನ್ನು ಕೂಡಿಸುತ್ತಿದ್ದರು. ಒಂದು ಪುಸ್ತಕ ಇಲ್ಲವೇ ಹೊಸ ಕಥೆ, ಆಮೇಲೆ ರಾಜಕಾರಣ. ಎರಡನ್ನೂ ಒಂದೇ ತಟ್ಟೆಯಲ್ಲಿ ಬಡಿಸಬೇಕು ಎಂಬುದು ಅವರ ಹಟ.

ಲಾಲಪ್ಪ ಕಡೇಚೂರಿನ ಒಂದು ರಾಸಾಯನಿಕ ಕಾರ್ಖಾನೆಯ ಕೆಲಸಗಾರ. ಮಾತುಗಾರ, ತುಸು ಜಂಬದವನು. ಹೋದ ಬೇಸಿಗೆಯಲ್ಲಿ ಅಲ್ಲೊಂದು ಟ್ಯಾಂಕು ಒಡೆದು ಅವನ ಜೊತೆಗಾರರು ಮೂವರು ಬೆಂದು ಸತ್ತಿದ್ದರು. ಅದನ್ನೇ ಅವನು ಕಥೆ ಮಾಡಿದ್ದ. ಕಥೆಯ ಕೊನೆಗೆ ಕೂಲಿಗಳೆಲ್ಲ ಸೇರಿ ಗುತ್ತೇದಾರನನ್ನು ಇನ್ನೊಂದು ಟ್ಯಾಂಕಿಗೆ ಕಟ್ಟಿ ಕುದಿಯುವ ಆವಿ ಬಿಡುತ್ತಾರೆ. ಕಥೆಯಲ್ಲಿ ಆ ಗುತ್ತೇದಾರನಿಗೆ ಹೆಸರಿರಲಿಲ್ಲ. ಆದರೆ ಅವನು ಆ ಕಾರ್ಖಾನೆಗೆ ಕೂಲಿಗಳನ್ನು ಒದಗಿಸುವ ಅಮೋಘಸಿದ್ದನೇ ಎಂಬುದು ಸೈದಾಪುರದಿಂದ ಸುರಪುರದ ತನಕ ಎಲ್ಲರಿಗೂ ಗೊತ್ತಿತ್ತು, ಯಾಕೆಂದರೆ ಲಾಲಪ್ಪ ಆಗಲೇ ಇದನ್ನು ಓದಿ ವಿಡಿಯೋ ಮಾಡಿ ಹರಿಯಬಿಟ್ಟಿದ್ದ. ಕೂಲಿಗಳು ಊಟದ ಬಿಡುವಿನಲ್ಲಿ ಅದನ್ನು ಕೇಳಿ ನಗುತ್ತಿದ್ದರು. ಅಮೋಘಸಿದ್ದ ಜಿಲ್ಲಾ ಪಂಚಾಯಿತಿ ಚುನಾವಣೆಗೆ ನಿಲ್ಲಲು ಓಡಾಡುತ್ತಿದ್ದ.

"ಕಥಿ ಛಲೋ ಕೂತದ," ಎಂದರು ವಿಶ್ವರಾಧ್ಯರು. "ಕೊನಿ ಮಾತ್ರ ನನಗ ಸೇರಲಿಲ್ಲ."

"ಯಾಕ್ರಿ ಸರ್?" ಎಂದು ಕೇಳಿದವಳು ಪಂಚಶೀಲಾ.

ಅವಳು ಸುರಪುರದವಳು, ಯಾದಗಿರಿಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಊರಿನ ಕೇರಿಯಲ್ಲಿ ಹುಟ್ಟಿ ಅಲ್ಲಿನ ಬುದ್ಧವಿಹಾರದ ಜಗಲಿಯಲ್ಲೇ ಓದಿ ಬೆಳೆದವಳು. ವಾದಕ್ಕೆ ನಿಂತರೆ ಕೂರುವವಳಲ್ಲ.

"ಮೂರು ಮಂದಿ ಬೆಂದು ಸತ್ರ ಪೇಪರಿನಾಗ ಅಪಘಾತ ಅಂತ ಬರೀತಾರ. ಒಬ್ಬ ಗುತ್ತೇದಾರ ಕಥಿಯೊಳಗ ಸತ್ರ ಹಿಂಸೆ ಅಂತೀರಿ. ಈ ಎರಡು ಶಬ್ದ ಹಿಂಗ ಹಂಚಿಕೊಟ್ಟವರು ಯಾರ್ರಿ?"

"ಹಂಚಿದವರು ಯಾರಂತ ನನಗ ಗೊತ್ತದ. ನನ್ನ ತಕರಾರ ಬ್ಯಾರೆ. ಅವನ ಕಟ್ಟಿಹಾಕಿದ ಮ್ಯಾಲೆ ಲಾಲಪ್ಪ ಎರಡು ಪುಟ ಅವನ ಚೀರಾಟನೇ ಬರದಾನ. ಬರಿಯೂವಾಗ ಇವಗ ರುಚಿ ಹತ್ಯಾದ. ರುಚಿ ಹತ್ತಿದ ಮ್ಯಾಲೆ ಎದುರಿಗೆ ಯಾರದಾರ ಅನ್ನೂದು ಕಣ್ಣಿಗೆ ಬೀಳೂದಿಲ್ಲ. ಸಮಾಜವಾದ ಅಂದ್ರ ಗುತ್ತೇದಾರಿಕಿ ಮುಗಸೂದು. ಗುತ್ತೇದಾರನ ಸುಡೂದಲ್ಲ."

"ನಿಮ್ಮ ಮೈ ಸುಟ್ಟಿಲ್ಲಲ್ಲ ಸರ್, ಅದಕ್ಕ ಹಿಂಗ ಅಂತೀರಿ," ಎಂದಳು ಪಂಚಶೀಲಾ. ಹೇಳಿದ ಮೇಲೆ ತುಸು ಹೆಚ್ಚಾಯಿತೇನೋ ಅನ್ನಿಸಿತು.

ಹೊಲಿಗೆ ಅಂಗಡಿಯ ಅಂಬರೀನ ಗಾಳಿ ತಿಳಿಯಾಗಲೆಂದು ಬಾಯಿ ಹಾಕಿದಳು. "ಅರೆ, ನನ್ನ ಬಸ್ಸು ಫ್ರೀ ಆತು, ಹೊಲಿಗಿ ಕೂಲಿ ಇದ್ದಲ್ಲೇ ಅದ. ಹೊಸಾ ಕಾನೂನಿನಾಗ ತಾಸು ಹೆಚ್ಚು ಮಾಡ್ಯಾರಂತ ಕಾರ್ಖಾನಿ ಹೆಣ್ಮಕ್ಕಳು ಅಳಾಕತ್ತಾರ. ಅದನ್ನ ಯಾರರೆ ಬರದೀರೇನು? ಬರೇ ಕೊಲ್ಲೂದೇ ಕಥಿ ಏನು?"

ಲಾಲಪ್ಪ ನಕ್ಕು ಉತ್ತರ ಕೊಡಲು ಬಾಯಿ ತೆರೆದ. ಆಗಲೇ ಹೊರಗೆ ಜೀಪೊಂದು ಗಕ್ಕನೆ ನಿಂತ ಸದ್ದಾಯಿತು. ಮುಖಕ್ಕೆ ಟವೆಲ್ ಸುತ್ತಿಕೊಂಡ ಗಂಡಸರು ಒಬ್ಬರ ಹಿಂದೊಬ್ಬರು ಒಳಗೆ ನುಗ್ಗಿದರು. ಕೊನೆಯವನು ಶಟರನ್ನು ದಡಾರನೆ ಕೆಳಗೆಳೆದ.

ಒಳಗೆ ಕತ್ತಲಾಯಿತು. ಮೇಲಿನ ಕಿಂಡಿಯ ಬೆಳಕಷ್ಟೇ ಉಳಿಯಿತು.

"ಕಥಿ ಬರಿಯೂ ಮಗ ಯಾರಲೇ?" ಎಂದಿತು ಒಂದು ದನಿ. ಉತ್ತರಕ್ಕೆ ಕಾಯಲಿಲ್ಲ. ಬಿದಿರಿನ ಬಡಿಗೆ ಲಾಲಪ್ಪನ ಭುಜಕ್ಕೆ ಬಿತ್ತು, ಕುರ್ಚಿ ಸಮೇತ ಅವನು ಉರುಳಿದ. ಇಬ್ಬರು ಅವನ ಕಾಲು ಹಿಡಿದು ಯಂತ್ರದ ಬಳಿಗೆ ಎಳೆದರು. ಮೂರನೆಯವನು ಅವನ ತಲೆಯನ್ನು ಕಬ್ಬಿಣದ ಗಾಲಿಗೆ ಅಪ್ಪಳಿಸಿದ. ಆ ಸದ್ದು ಪಂಚಶೀಲಾಳ ಹಲ್ಲಿಗೆ ಬಂದು ತಾಗಿದಂತಾಯಿತು. "ಅವಗ ಬಿಡ್ರಪ್ಪಾ, ಅವಗ ಬಿಡ್ರಿ," ಎನ್ನುತ್ತ ವಿಶ್ವರಾಧ್ಯರು ನಡುವೆ ಹೋದರು. ಹಾಕಿ ಸ್ಟಿಕ್ಕಿನ ಒಂದೇ ಏಟಿಗೆ ಅವರ ಮುಂಗೈ ಲಟಕ್ಕನೆ ಮುರಿಯಿತು. ಅಂಬರೀನ ಯಾರದೋ ಕೈಯನ್ನು ಕಚ್ಚಿ ಹಿಡಿದಿದ್ದಳು, ಆ ಮನುಷ್ಯ ಅವಳ ಮುಖಕ್ಕೆ ಗುದ್ದುತ್ತಲೇ ಇದ್ದ. ಅಚ್ಚಿನ ಮೊಳೆಗಳ ಪೆಟ್ಟಿಗೆಗಳು ಬಿದ್ದು ಸೀಸದ ಅಕ್ಷರಗಳು ನೆಲದ ತುಂಬ ಚೆಲ್ಲಿದವು.

ಪಂಚಶೀಲಾಳ ಜಡೆಯನ್ನು ಯಾರೋ ಹಿಂದಿನಿಂದ ಜಗ್ಗಿದರು. ಹೊಟ್ಟೆಗೆ ಒದೆ ಬಿತ್ತು. ಉಸಿರು ಸಿಗದೆ ಯಂತ್ರದ ಮೇಲೆ ಮಗುಚಿ ಬಿದ್ದವಳ ಕೈಗೆ ಒಂದು ಕಬ್ಬಿಣದ ಸಲಾಕೆ ಸಿಕ್ಕಿತು. ಅಚ್ಚಿನ ಚೌಕಟ್ಟು ಬಿಗಿಯಲು ಬಳಸುತ್ತಿದ್ದ, ಮೊಳಕೈ ಉದ್ದದ ಸಲಾಕೆ. ಅವಳು ತಿರುಗಿ ಬೀಸಿದಳು. ಹತ್ತಿರವಿದ್ದವನ ಮೊಣಕಾಲಿಗೆ ಬಿತ್ತು. ಅವನು ಚೀರಿ ಕುಸಿದ, ಮುಖದ ಟವೆಲ್ ಜಾರಿತು.

"ಮೇಡಂ, ನಾನ್ರಿ! ನಾನು ಹುಲಗಪ್ಪ!"

ಅವಳಿಗೆ ಮುಖ ಕಂಡಿತು. ಹೆಸರು ಕೇಳಿಸಿತು. ಹುಲಗಪ್ಪ ಅವಳ ಕೇರಿಯವನೇ. ಹತ್ತನೇ ತರಗತಿಯಲ್ಲಿ ಒಮ್ಮೆ ಫೇಲಾದವನನ್ನು ವಿಹಾರದಲ್ಲಿ ಕೂರಿಸಿ ಪಾಠ ಹೇಳಿ ಪಾಸು ಮಾಡಿಸಿದ್ದವಳು ಅವಳೇ. ಅದೆಲ್ಲ ನೆನಪಾಗುವಷ್ಟು ಹೊತ್ತು ಇತ್ತು. ಆದರೂ ಸಲಾಕೆ ಮತ್ತೆ ಮೇಲೆದ್ದಿತು. ಅದೇ ಮೊಣಕಾಲಿಗೆ, ಆಮೇಲೆ ಅಡ್ಡ ಹಿಡಿದ ಬಲಗೈಗೆ, ಮತ್ತೆ ಕಾಲಿಗೆ. ಮೂಳೆ ಪುಡಿಯಾಗುವುದು ಅಂಗೈಗೆ ತಿಳಿಯುತ್ತಿತ್ತು. ಕಾಲೇಜಿನಲ್ಲಿ ಪ್ರತಿ ವರ್ಷ ಕೆಲಸಕ್ಕಾಗಿ ಕೈಮುಗಿದು ನಿಂತದ್ದು, ಬಾಡಿಗೆ ಮನೆ ಕೇಳಲು ಹೋದಲ್ಲಿ ಅಡ್ಡಹೆಸರು ಕೇಳಿ ಬಾಗಿಲು ಮುಚ್ಚಿದ್ದು, ಎಲ್ಲವೂ ತೋಳಿಗೆ ಇಳಿದು ಬಂದಿತ್ತು. ಅವಳ ಮೈಯೊಳಗೆ ಒಂದು ಹಗುರವಾದ ಹಿತ ಹರಿಯುತ್ತಿತ್ತು. ನಿಲ್ಲಿಸಬೇಕು ಅನ್ನಿಸಲೇ ಇಲ್ಲ.

ಹುಲಗಪ್ಪನ ಚೀರಾಟ ಕೇಳಿ ಉಳಿದವರು ಗಾಬರಿಯಾದರು. ಯಾರೋ ಶಟರ್ ಎತ್ತಿದರು, ಎಲ್ಲರೂ ಓಡಿದರು. ಬಿಸಿಲು ಒಳಗೆ ನುಗ್ಗಿತು. ಬಜಾರಿನ ಜನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಬಿಡವ್ವಾ," ಎಂದರು ವಿಶ್ವರಾಧ್ಯರು, ಜೋಲುವ ಕೈಯನ್ನು ಎದೆಗೆ ಅವಚಿಕೊಂಡು. "ಬಿಡು ತಂಗೀ. ಅವ ಸತ್ತು ಹೋಗ್ತಾನ."

ಆಗ ಅವಳು ಸಲಾಕೆ ಬಿಟ್ಟಳು. ಗಾಲಿಯ ಬುಡದಲ್ಲಿ ಲಾಲಪ್ಪ ಬಿದ್ದಿದ್ದ. ಅವನ ಕಿವಿಯಿಂದ ರಕ್ತ ಹರಿದು ಸೀಸದ ಅಕ್ಷರಗಳ ಕೆಳಗೆ ನುಸುಳುತ್ತಿತ್ತು.

ಲಾಲಪ್ಪ ಯಾದಗಿರಿಯ ಆಸ್ಪತ್ರೆ ಮುಟ್ಟಲಿಲ್ಲ. ಭೀಮಾ ಸೇತುವೆ ದಾಟುವ ಮೊದಲೇ, ಅಂಬರೀನಳ ತೊಡೆಯ ಮೇಲೆ ಪ್ರಾಣ ಬಿಟ್ಟ. ಹುಲಗಪ್ಪನನ್ನು ಕಲಬುರಗಿಗೆ ಒಯ್ದರು. ಜೀವ ಉಳಿಯಿತು. ಮೊಣಕಾಲು ಚೂರಾಗಿ ಕಾಲು ಇನ್ನು ಮಡಚುವಂತಿರಲಿಲ್ಲ, ಬಲಗೈ ಬೆರಳು ಮುಷ್ಟಿ ಕಟ್ಟುವಂತಿರಲಿಲ್ಲ.

ಕೊಲೆ ಕೇಸು ಹುಲಗಪ್ಪ ಮತ್ತು ಗುರುತು ಸಿಗದ ಕೆಲವರ ಮೇಲೆ ದಾಖಲಾಯಿತು. ಹುಲಗಪ್ಪನ ಕಡೆಯಿಂದ ಪಂಚಶೀಲಾಳ ಮೇಲೂ ಒಂದು ಕೇಸು ಬಿತ್ತು, ಅವಳಿಗೆ ಜಾಮೀನು ಸಿಕ್ಕಿತು. ಯಾರು ಕಳಿಸಿದರು ಎಂದು ಕೇಳಿದ್ದಕ್ಕೆ ಹುಲಗಪ್ಪ, "ಯಾರೋ ಕರದ್ರು, ಹ್ವಾದೆ," ಎಂದಷ್ಟೇ ಹೇಳಿದ. ಅಮೋಘಸಿದ್ದ ಲಾಲಪ್ಪನ ಸಾವಿಗೆ ಕಂಬನಿ ಮಿಡಿದು ಹೇಳಿಕೆ ಕೊಟ್ಟ.

ಯಾದಗಿರಿಯಲ್ಲಿ ಸಂತಾಪ ಸಭೆಯಾಯಿತು. ಕೂಲಿಗಳು, ವಿದ್ಯಾರ್ಥಿಗಳು, ಬರಹಗಾರರು ಬಂದಿದ್ದರು. ಹೆಚ್ಚು ಕೂಗಿದ್ದು ಲಾಲಪ್ಪನ ಹೆಸರಲ್ಲ, ಪಂಚಶೀಲಾಳದು. ಒಬ್ಬ ತರುಣ ಅವಳ ಸಲಾಕೆಯ ಮೇಲೆ ಕವಿತೆ ಓದಿದ. ಅದರಲ್ಲಿ ಸಲಾಕೆ ಲೇಖನಿಯಾಗಿತ್ತು, ಮಿಂಚಾಗಿತ್ತು, ಇನ್ನೂ ಏನೇನೋ ಆಗಿತ್ತು. ಮೊದಲು ಅವಳ ಮೈ ಹೆಮ್ಮೆಯಿಂದ ಬಿಸಿಯಾಯಿತು. ಆಮೇಲೆ ಅಂಗೈಯಲ್ಲಿ ಆ ಪುಡಿಯಾಗುವ ಮೂಳೆ ಮತ್ತೆ ತಿಳಿಯಿತು. ಮೈಕಿನ ಮುಂದೆ ನಿಂತಾಗ ಮಾತೇ ಹೊರಡಲಿಲ್ಲ. ಜನ ಅದನ್ನೂ ದುಃಖವೆಂದುಕೊಂಡು ಚಪ್ಪಾಳೆ ತಟ್ಟಿದರು.

ಶಹಾಪುರಕ್ಕೆ ಮರಳುವಾಗ ಬಸ್ಸಿನಲ್ಲಿ ಅವಳು ವಿಶ್ವರಾಧ್ಯರ ಪಕ್ಕದಲ್ಲಿ ಕೂತಿದ್ದಳು. ಹೊರಗೆ ಕಾಲುವೆ ನೀರಿನ ಭತ್ತದ ಗದ್ದೆಗಳು ಹಿಂದೆ ಸರಿಯುತ್ತಿದ್ದವು.

"ಬೈದುಬಿಡ್ರಿ ಸರ್. ನೀವು ಸುಮ್ಮನಿರೂದು ತಡಕೊಳ್ಳಾಕ ಆಗವಲ್ದು."

"ನೀ ಹೊಡೀದಿದ್ರ ನಾನೂ ಇರ್ತಿದ್ದಿಲ್ಲ. ಬೈಯಾಕ ನನಗೇನು ಅಧಿಕಾರ ಅದ?" ಅವರು ಪ್ಲಾಸ್ಟರಿನ ಕೈ ಸರಿಪಡಿಸಿಕೊಂಡರು. "ಮೊದಲನೇ ಏಟಿಗೆ ನಾನು ಸಾಕ್ಷಿ ಹೇಳ್ತೀನಿ, ಜೀವ ಉಳಿಸಿಕೊಳ್ಳಾಕ ಹೊಡದಾಳ ಅಂತ. ಉಳಿದ ಏಟಿಂದು ನೀನೇ ಹೇಳಬೇಕವ್ವ. ಅದು ಯಾಕಂತ ನನಗ ಗೊತ್ತಿಲ್ಲ."

ಹುಲಗಪ್ಪ ವೈದ್ಯಕೀಯ ಕಾರಣಕ್ಕೆ ಸಿಕ್ಕ ಜಾಮೀನಿನ ಮೇಲೆ ಸುರಪುರಕ್ಕೆ ಬಂದಿದ್ದಾನೆಂದು ತಿಳಿದ ಮೇಲೆ ಕೆಲವು ದಿನ ಪಂಚಶೀಲಾ ಸುತ್ತುಹಾದಿ ಹಿಡಿದು ಓಡಾಡಿದಳು. ಕೇಸು ಇರುವಾಗ ಅವನ ಮನೆ ಕಡೆ ತಲೆ ಹಾಕಬೇಡಿ ಎಂದು ವಕೀಲರು ಹೇಳಿದ್ದರು. ಒಂದು ಮುಂಜಾನೆ ಆ ಮಾತು ಮೀರಿ ಹೊರಟಳು.

ಅವನ ಹೆಂಡತಿ ಬಸ್ಸಮ್ಮ ಅಂಗಳದಲ್ಲಿ ಒಣಮೆಣಸಿನಕಾಯಿ ಕುಟ್ಟುತ್ತಿದ್ದಳು. ಪಂಚಶೀಲಾಳನ್ನು ಕಂಡದ್ದೇ ಒನಕೆ ಬಿಟ್ಟು ಓಡಿಬಂದು ಜಡೆಗೆ ಕೈ ಹಾಕಿದಳು. ನೆಲಕ್ಕೆ ಕೆಡವಿ ಎದೆಯ ಮೇಲೆ ಕೂತು ಎರಡೂ ಕೈಯಿಂದ ಬಡಿದಳು. ಖಾರದ ಕೈ, ಪಂಚಶೀಲಾಳ ಕಣ್ಣು, ತುಟಿ ಉರಿದುಹೋದವು. "ಅಕ್ಷರ ಕಲಿಸಿದ ಕೈಲೇ ಕೈ ಮುರದಿ! ನನ್ನ ಗಂಡ ಇನ್ನ ಉಣ್ಣೂದು ಹ್ಯಾಂಗಲೇ? ನಾ ತುತ್ತು ಮಾಡಿ ಬಾಯಾಗ ಇಡಬೇಕು ನೋಡು, ಕೂಸಿಗೆ ಇಟ್ಟಂಗ!" ಪಂಚಶೀಲಾ ಕೈ ಎತ್ತಲಿಲ್ಲ. ಕೇರಿಯ ಹೆಂಗಸರು ಸುತ್ತ ನಿಂತರು, ಯಾರೂ ಬಿಡಿಸಲಿಲ್ಲ.

"ಬಿಡು ಬಸ್ಸವ್ವ," ಎಂಬ ದನಿ ಒಳಗಿನಿಂದ ಬಂತು. "ಒಳಗ ಬರ್ಲಿ."

ಹುಲಗಪ್ಪ ಹೊರಸಿನ ಮೇಲೆ ಮಲಗಿದ್ದ. ಕಾಲು ಸೊಂಟದ ತನಕ ಪಟ್ಟಿಯಲ್ಲಿತ್ತು. ಪಂಚಶೀಲಾ ಉರಿಯುವ ಕಣ್ಣು ಒರೆಸಿಕೊಳ್ಳುತ್ತ ಬಾಗಿಲ ಬಳಿ ಕೂತಳು.

"ಒಂದೇ ಕೇಳ್ತೀನಿ," ಎಂದ ಅವನು. "ಬಿದ್ದ ಮ್ಯಾಲೆ ಯಾಕ ಹೊಡದ್ರಿ? ನನ್ನ ಹೆಸರು ಕೇಳಿಸಲಿಲ್ಲೇನು?"

ಕೇಳಿಸಲಿಲ್ಲ ಎನ್ನುವುದು ಸುಲಭವಿತ್ತು. ವಕೀಲರೂ ಹಾಗೇ ಹೇಳಿಕೊಟ್ಟಿದ್ದರು.

"ಕೇಳಿಸ್ತು. ಮಾರಿನೂ ಕಂಡಿತ್ತು. ಹೊಡಿಯೂದು ಛಲೋ ಅನಸ್ತು ಹುಲಗಪ್ಪ. ಅದಕ್ಕ ಹೊಡದೆ."

"ನನಗೂ ಹಂಗೇ ಆತು," ಎಂದ ಅವನು. "ಲಾಲಪ್ಪನ ತಲಿ ಗಾಲಿಗೆ ಬಡದಾವ ನಾನೇ. ಅವನ ಕಥಿ ಕೇಳಿ ಮಂದಿ ನಗೂದು ನೋಡಿ ನನಗ ಹೊಟ್ಟಿ ಉರೀತಿತ್ತು. ನಾನೂ ಅದೇ ಗೇಟಿನಾಗ ಹೋಗಾವ, ಅದೇ ಹೊಗಿ ಕುಡಿಯಾವ. ನನ್ನ ಮಾತು ಯಾವನೂ ಕೇಳ್ತಿದ್ದಿಲ್ಲ. ಪರ್ಮನೆಂಟ್ ಮಾಡಸ್ತೀನಿ ಅಂದ, ಬಡಿಗಿ ಕೊಟ್ಟ, ತಗೊಂಡೆ."

"ಯಾರು ಕೊಟ್ರು?"

ಹುಲಗಪ್ಪ ಬಾಯಿ ತೆರೆಯುವಷ್ಟರಲ್ಲಿ ಕೇರಿಯ ಬಾಯಲ್ಲಿ ಜೀಪಿನ ಹಾರ್ನ್ ಕೇಳಿಸಿತು. ಅಮೋಘಸಿದ್ದನ ಕಡೆಯ ನಾಲ್ಕೈದು ಮಂದಿ ಅಂಗಳಕ್ಕೆ ಬಂದರು. ಈ ಸಲ ಯಾರ ಮುಖಕ್ಕೂ ಟವೆಲ್ ಇರಲಿಲ್ಲ.

"ಸಾಹೇಬ್ರು ಕಳಿಸ್ಯಾರ. ಹೈದರಾಬಾದಿನಾಗ ದೊಡ್ಡ ದವಾಖಾನಿಗೆ ತೋರಸ್ತಾರಂತ," ಎಂದ ಮುಂದಿದ್ದವನು ಬಸ್ಸಮ್ಮನಿಗೆ. ಅವಳ ಮುಖ ಅರಳಿತು. ಒಳಗಿದ್ದ ಹುಲಗಪ್ಪ ಮಾತ್ರ ಬಿಳಿಚಿಕೊಂಡು ಎಡಗೈಯಲ್ಲಿ ಹೊರಸಿನ ಕೋಲು ಹಿಡಿದ.

"ನಾ ಬರೂದಿಲ್ಲ. ಬಸ್ಸವ್ವ, ಇವರು ದವಾಖಾನಿಗೆ ಒಯ್ಯೂದಿಲ್ಲ. ನಾ ಏನರೆ ಬಾಯಿ ಬಿಟ್ಟೇನಂತ ಒಯ್ಯಾಕ ಬಂದಾರ!"

ಅವರು ಅವನ ರಟ್ಟೆ ಹಿಡಿದು ಎಳೆದರು. ಪಟ್ಟಿಯ ಕಾಲು ಹೊಸ್ತಿಲಿಗೆ ಬಡಿದಾಗ ಅವನು ಹಾಕಿದ ಕೂಗಿಗೆ ಮಾಳಿಗೆಯ ಪಾರಿವಾಳಗಳು ಹಾರಿದವು. ಪಂಚಶೀಲಾ ಎದ್ದಳು. ಒನಕೆ ಅಂಗಳದಲ್ಲೇ, ಕೈಗೆ ಸಿಗುವಷ್ಟು ಹತ್ತಿರ ಬಿದ್ದಿತ್ತು. ಅವಳು ಅದನ್ನು ನೋಡಿದಳು. ಹೆದರಿದಳು, ಅವರಿಗಲ್ಲ, ಅದನ್ನು ಎತ್ತಲು ತವಕಿಸಿದ ತನ್ನ ತೋಳಿಗೆ. ಅಷ್ಟರಲ್ಲಿ ಹುಲಗಪ್ಪನ ಅರ್ಧ ಮೈ ಹೊರಗೆ ಬಂದಿತ್ತು. ಅವಳು ಹೋಗಿ ಅವನ ಮೇಲೆ ಅಡ್ಡ ಬಿದ್ದು ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಅವರು ಬೆನ್ನಿಗೆ ಒದ್ದರು. ಪಕ್ಕೆಗೆ ಒದ್ದರು. ಎಲುಬೊಂದು ಒಳಗೇ ಮುರಿದದ್ದು ಅವಳಿಗೆ ತಿಳಿಯಿತು. ಒಬ್ಬ ಅವಳ ಬೆರಳನ್ನು ಚೌಕಟ್ಟಿನಿಂದ ಬಿಡಿಸಲು ಬೂಟುಗಾಲಿನಿಂದ ತುಳಿದ. ಉಗುರು ಕಿತ್ತು ಬಂತು. ಕೆಳಗೆ ಹುಲಗಪ್ಪನ ಬಿಸಿ ಉಸಿರು ಅವಳ ಕುತ್ತಿಗೆಗೆ ಬಡಿಯುತ್ತಿತ್ತು.

ಆಗ ಬಸ್ಸಮ್ಮ ಹೊಸದಾಗಿ ಕುಟ್ಟಿದ ಖಾರವನ್ನು ಎರಡೂ ಬೊಗಸೆಯಲ್ಲಿ ತುಂಬಿಕೊಂಡು ಬಂದು ಅವರ ಕಣ್ಣಿಗೆ ಎರಚಿದಳು. ಅದನ್ನೇ ಕಾದಿದ್ದವರ ಹಾಗೆ ಕೇರಿಯ ಹೆಂಗಸರು ಕಲ್ಲು ಎತ್ತಿದರು. ಜೀಪಿನ ಗಾಜು ಒಡೆಯಿತು. ಕಣ್ಣುಜ್ಜಿಕೊಳ್ಳುತ್ತ ಓಡಿದವರಲ್ಲಿ ಒಬ್ಬ ಎಡವಿ ಬಿದ್ದ. ಅವನನ್ನು ನಡುವೆ ಹಾಕಿಕೊಂಡು ಬಡಿಯತೊಡಗಿದರು. ಚಪ್ಪಲಿ, ಕಲ್ಲು, ಒನಕೆ. ಅವನು ಮೊದಲು ಬೈದ, ಆಮೇಲೆ ಬೇಡಿಕೊಂಡ, ಆಮೇಲೆ ಸದ್ದೇ ಇಲ್ಲ.

"ಸಾಕು," ಎಂದಳು ಪಂಚಶೀಲಾ. ಮುರಿದ ಪಕ್ಕೆಯಿಂದ ದನಿ ಏಳಲಿಲ್ಲ. ತೆವಳುತ್ತ ಹೊಸ್ತಿಲು ದಾಟಿ ಮತ್ತೆ ಕೂಗಿದಳು. ಯಾರೂ ತಿರುಗಿ ನೋಡಲಿಲ್ಲ. ಆ ಹೆಂಗಸರ ಮುಖದಲ್ಲಿ ಏನು ಹರಿಯುತ್ತಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಸ್ಸಮ್ಮನ ತೋಳು ಸೋತು ಒನಕೆ ತಾನಾಗಿ ಜಾರಿದ ಮೇಲೆಯೇ ಹೊಡೆತ ನಿಂತಿತು. ಪೊಲೀಸರು ಬಂದಾಗ ಆ ಮನುಷ್ಯ ಬದುಕಿದ್ದ, ಹಲ್ಲು ಉಳಿದಿರಲಿಲ್ಲ.

ಪಂಚಶೀಲಾಳನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋಗುವ ಮೊದಲು ಹುಲಗಪ್ಪ ಅವಳನ್ನು ಕರೆದ.

"ನಾ ಹೇಳ್ತೀನ್ರಿ, ಜಡ್ಜರ ಮುಂದ. ಅಮೋಘಸಿದ್ದ ಗೋದಾಮಿನಾಗ ನಿಂತು ಬಡಿಗಿ ಹಂಚಿದ್ದು, ಲಾಲಪ್ಪ ಎದ್ದು ನಡೀಬಾರದು ಅಂದದ್ದು. ನಾ ಮಾಡಿದ್ದೂ ಹೇಳ್ತೀನಿ. ಆದ್ರ ನಿಮ್ಮ ಹೆಸರು ಬಿಡೂದಿಲ್ಲ ಮೇಡಂ. ಬಿದ್ದ ಮ್ಯಾಲೆ ಹೊಡದದ್ದೂ ಹೇಳಾವನೇ."

"ಹೇಳು," ಎಂದಳು ಅವಳು. "ಸಣ್ಣದು ಮಾಡಿ ಹೇಳಬ್ಯಾಡ."

ಅವನು ಹೇಳಿದ. ಅಮೋಘಸಿದ್ದ ಗುರುಮಠಕಲ್ ದಾಟಿ ತೆಲಂಗಾಣಕ್ಕೆ ಹೋಗುವ ಹಾದಿಯಲ್ಲಿ ಪೊಲೀಸರಿಗೆ ಸಿಕ್ಕ. ಪಂಚಶೀಲಾಳೂ ತನ್ನ ಹೇಳಿಕೆಯಲ್ಲಿ ಒಂದನ್ನೂ ಮುಚ್ಚಲಿಲ್ಲ. ವಕೀಲರು ಫೈಲು ಮೇಜಿಗೆ ಕುಕ್ಕಿ, ಇನ್ನು ನಿಮಗೆ ಶಿಕ್ಷೆ ತಪ್ಪಿಸುವುದು ಕಷ್ಟ ಎಂದರು. ಕಾಲೇಜು ಆ ವರ್ಷ ಅವಳನ್ನು ಮತ್ತೆ ಕರೆಯಲಿಲ್ಲ. ಸಲಾಕೆಯ ಕವಿತೆ ಬರೆದ ತರುಣ ಫೋನು ಮಾಡಿ, ಚಳವಳಿಯ ಬೆನ್ನಿಗೆ ಚೂರಿ ಹಾಕಿದಿರಿ ಎಂದು ಕೂಗಾಡಿದ. ಅವಳು ಪೂರ್ತಿ ಕೇಳಿಸಿಕೊಂಡು ಫೋನಿಟ್ಟಳು.

ಭಾನುವಾರದ ಕೂಟ ಮುದ್ರಣಾಲಯದಿಂದ ಅಂಬರೀನಳ ಹೊಲಿಗೆ ಅಂಗಡಿಗೆ ಬಂತು. ಮೊದಲಿನವರಲ್ಲಿ ಅರ್ಧದಷ್ಟು ಜನ ಬರಲಿಲ್ಲ. ಬಂದವರು ಕಾರ್ಖಾನೆಯ ತಾಸುಗಳ ಬಗ್ಗೆ, ಟ್ಯಾಂಕು ಒಡೆದು ಸತ್ತ ಮೂವರ ಪರವಾಗಿ ಇನ್ನೂ ಶುರುವಾಗದ ವಿಚಾರಣೆಯ ಬಗ್ಗೆ ಮಾತಾಡಿದರು. ಬಟ್ಟೆಯ ಚೂರುಗಳ ನಡುವೆ ಕೂತು ವಿಶ್ವರಾಧ್ಯರು ಮತ್ತು ಪಂಚಶೀಲಾ ಮೊದಲಿನಂತೆಯೇ ಜಗಳವಾಡಿದರು. ಇಬ್ಬರೂ ಸೋಲಲಿಲ್ಲ.

ಯಾದಗಿರಿ ನ್ಯಾಯಾಲಯದಲ್ಲಿ ವಿಚಾರಣೆಯ ಮೊದಲ ತಾರೀಖಿನ ದಿನ ಸುರಪುರ ನಿಲ್ದಾಣದಲ್ಲಿ ಬಸ್ಸು ತುಂಬಿತ್ತು. ಪಂಚಶೀಲಾ ಹತ್ತಿ ಬಾಗಿಲ ಬಳಿ ನಿಂತಿದ್ದಳು. ಕೆಳಗೆ ಹುಲಗಪ್ಪ ಊರುಗೋಲು ಹಿಡಿದು ಮೆಟ್ಟಿಲ ಎದುರು ನಿಂತಿದ್ದ, ಮಡಚದ ಕಾಲನ್ನು ಎತ್ತಿಡಲು ಆಗುತ್ತಿರಲಿಲ್ಲ. ಅವಳು ಕೈ ಚಾಚಿದಳು. ಅವನು ಆ ಕೈಯನ್ನು ನೋಡಿದ, ಹಿಡಿಯಲಿಲ್ಲ. ಬಸ್ಸಮ್ಮ ಹಿಂದಿನಿಂದ ಅವನ ಸೊಂಟಕ್ಕೆ ಭುಜ ಕೊಟ್ಟು ಒಂದೇ ಉಸಿರಿಗೆ ಮೇಲೆ ನೂಕಿದಳು.

"ಜರಾ ಸರೀರಿ," ಎಂದಳು ಅವಳು ಪಂಚಶೀಲಾಳಿಗೆ.

ಪಂಚಶೀಲಾ ಸರಿದು ಜಾಗ ಮಾಡಿಕೊಟ್ಟಳು. ಕಂಡಕ್ಟರ್ ಸೀಟಿ ಊದಿದ, ಬಸ್ಸು ಶಹಾಪುರದ ಹಾದಿ ಹಿಡಿದು ಯಾದಗಿರಿಯ ಕಡೆ ಹೊರಟಿತು.